ಸುಣ್ಣ ತಾಗಿದ ಕೈ

ನೀಲಗಂಗವ್ವನ ಬಲಗೈಯನ್ನು ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಿದ್ದರು. ಬೆಳ್ಳಗೆ ಬಿಳಿಚಿಕೊಂಡು, ಬಿರುಕು ಬಿಟ್ಟು, ನೀರು ಬತ್ತಿದ ಕೆರೆಯಂಗಳದ ಹಾಗಿತ್ತು. ಎಡಗೈ ಮಾತ್ರ ನಿಮ್ಮ ಕೈ, ನನ್ನ ಕೈ ಇದ್ದಂತೆಯೇ. ಮೂವತ್ತೊಂದು ವರ್ಷ ಆ ಬಲಗೈಯನ್ನು ಕಂದರದ ಅಂಚಿನ ಕಟ್ಟೆಯ ಕಲ್ಲುಬಾನಿಯಲ್ಲಿ ಅದ್ದಿಕೊಂಡು ಕೂತಿದ್ದವಳು ಆಕೆ. ಊರಿನವರು ಈಗ ಆಕೆಯ ಬಗ್ಗೆ ಏನೇನೋ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿಗೇನು ಬೀಗವೇ? ಆದರೆ ಆಕೆಯಿಂದ ನಲವತ್ತು ಹೆಜ್ಜೆ ದೂರದಲ್ಲಿ ಇಪ್ಪತ್ತಾರು ವರ್ಷ ತೂಬು ಎತ್ತಿ ಇಳಿಸಿದವನು ಈ ಗುರುಪಾದಪ್ಪ. ಆ ಕೈಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಇದ್ದರೆ ಮುಂದೆ ಬರಲಿ.

ನಮ್ಮ ಊರಿಗೆ ಎರಡು ದಡ. ನಡುವೆ ಕಂದರ, ಕಂದರದ ತುಂಬ ಮಂಜು. ಅಗಲವೇನೂ ಹೆಚ್ಚಿಲ್ಲ. ಆದರೆ ಕೂಗಿದರೆ ಕೂಗು ದಾಟುವುದಿಲ್ಲ, ಸೇತುವೆ ಕಟ್ಟಿದರೆ ನಿಲ್ಲುವುದಿಲ್ಲ. ನಮ್ಮ ಅಜ್ಜಂದಿರು ಮೂರು ಸಲ ಕಟ್ಟಿ ನೋಡಿ ಕೈತೊಳೆದುಕೊಂಡರು. ಸುತ್ತುಬಳಸಿ ಹೋಗುತ್ತೇನೆಂದರೆ ಎಂಟು ದಿನದ ದಾರಿ. ಆಚೆ ದಡದವರು, ನಾವು ಘಮ ಕಳಿಸದ ಹೊರತು ಏಳುವುದಿಲ್ಲ, ಹಸಿವಾಯಿತೆನ್ನುವುದಿಲ್ಲ, ನಗುವುದಿಲ್ಲ, ಅಳುವುದಿಲ್ಲ, ನಿದ್ದೆ ಹೋಗುವುದಿಲ್ಲ. ಈ ದಡದಲ್ಲಿ ಹುಟ್ಟಿದ ಹೆಣ್ಣುಮಕ್ಕಳೂ ಅಷ್ಟೇ, ಲಗ್ನವಾಗಿ ಹೋಗಿ ಆಚೆ ಬಾವಿಯ ನೀರು ಮೂರು ದಿನ ಕುಡಿದರೋ, ಮುಗಿಯಿತು, ಅವರೂ ನಮ್ಮ ಘಮಕ್ಕೇ ಕಾಯುತ್ತಾರೆ. ಹೊರಗಿನವರು ಇದನ್ನು ಕೇಳಿ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಏನು ಬಂತು! ಹೊತ್ತಿಗೆ ಸರಿಯಾಗಿ ಕಳಿಸುವವರಿದ್ದರೆ ಅವರ ಬಾಳು ನಮ್ಮದಕ್ಕಿಂತ ನೆಟ್ಟಗೆ ಸಾಗುತ್ತದೆ.

ಕಳಿಸುವ ಬಗೆ ಹೀಗೆ. ಊರಿನ ಮೇಲುತುದಿಯಲ್ಲಿ ಹಿರೇಮನೆ. ಅಲ್ಲಿಂದ ಕಂದರದವರೆಗೆ ಒಂದೇ ಉದ್ದನೆಯ ಓಣಿ, ಗೋಡೆಗೆ ಗೋಡೆ ಅಂಟಿದ ಮನೆಗಳು. ಹಿರೇಮನೆಯ ಅಜ್ಜ ಗೋಡೆ ತಟ್ಟಿದರೆ ಪಕ್ಕದವರು ತಮ್ಮ ಆಚೆ ಗೋಡೆ ತಟ್ಟುತ್ತಾರೆ, ಅವರ ಪಕ್ಕದವರು ತಮ್ಮದನ್ನು. ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ತಟ್ಟುತ್ತಾಳೆ. ಹೀಗೆ ಓಡಿ ಬಂದ ತಟ್ಟು ಕೊನೆಗೆ ನನ್ನ ಗುಡಿಸಲಿನ ಗೋಡೆಗೆ ಬರುತ್ತದೆ. ಒಂದು ತಟ್ಟಿದರೆ ಎಚ್ಚರ, ಎರಡಕ್ಕೆ ಹಸಿವು, ಮೂರಕ್ಕೆ ನಗು, ನಾಲ್ಕಕ್ಕೆ ಅಳು, ಐದಕ್ಕೆ ನಿದ್ದೆ. ನಾನು ಹೆಸರು ಕೂಗಿ ತೂಬು ಎತ್ತುತ್ತೇನೆ. ಹೊರಗೆ ಕಟ್ಟಿ ನಿಲ್ಲಿಸಿದ ಸುಣ್ಣದ ತಿಳಿನೀರು ಕಲ್ಲುಬಾನಿಗೆ ನುಗ್ಗುತ್ತದೆ. ಬಾನಿಯ ಮುಂದೆ, ಕಂದರದ ತೀರ ಅಂಚಿಗೆ, ಘಮ ತುಂಬಿದ ಕುಡಿಕೆಗಳು ಐದು ಸಾಲಾಗಿ ಬಾಯಿ ಆಚೆ ಮಾಡಿಕೊಂಡು ಕಾದಿರುತ್ತವೆ. ಅವುಗಳ ಮುಚ್ಚಳದ ದಾರಕ್ಕೆ ಪೂರ್ತಿ ಗಂಟು ಹಾಕುವುದಿಲ್ಲ, ಅರೆಗಂಟು. ಪೂರ್ತಿ ಗಂಟಾದರೆ ಬಿಚ್ಚುವಷ್ಟರಲ್ಲಿ ಹೊತ್ತು ಮೀರುತ್ತದೆ, ಗಂಟೇ ಇಲ್ಲದಿದ್ದರೆ ಗಾಳಿಗೆ ತೆರೆದುಕೊಳ್ಳುತ್ತವೆ. ನೀಲಗಂಗವ್ವ ಎಡಗೈಯಲ್ಲಿ ಆ ಸಾಲಿನ ಹಗ್ಗ ಹಿಡಿದಿರುತ್ತಾಳೆ, ಬಲಗೈ ನೀರಿನಲ್ಲಿ. ಸುಣ್ಣ ಅಂಗೈಗೆ ತಾಗಿದ ಕ್ಷಣ, ಹಗ್ಗ ಎಳೆದದ್ದು ಕಣ್ಣಿಗೆ ಕಾಣುವ ಮೊದಲೇ, ಕುಡಿಕೆಗಳು ಬಾಯಿಬಿಟ್ಟು ಘಮ ಮಂಜಿನೊಳಗೆ ಇಳಿದಿರುತ್ತಿತ್ತು. ಆಮೇಲೆ ಬರಿದಾದ ಕುಡಿಕೆಗಳನ್ನು ಈಚೆಗೆ ಎಳೆದುಕೊಂಡು, ತೊಳೆದು, ತುಂಬುವ ಮನೆಗೆ ಕಳಿಸುವುದು.

ಎಳೆಯುವುದು ದೊಡ್ಡದಲ್ಲ, ಎಳೆಯದೆ ಕೂರುವುದು ದೊಡ್ಡದು. ಓಕುಳಿಯ ದಿನ ಹುಡುಗರು, ಕುಡಿದವರು, ಒಮ್ಮೆಯಂತೂ ಹಿರೇಮನೆಯ ಅಳಿಯನೇ ನನ್ನ ದನಿ ಅಣಕಿಸಿ “ನಗೂ” ಎಂದು ಕೂಗಿದ್ದುಂಟು. ಆಕೆ ಕದಲಲಿಲ್ಲ. “ಕಿವಿ ಯಾರು ಬೇಕಾದರೂ ತುಂಬತಾರ,” ಎನ್ನುತ್ತಿದ್ದಳು, “ಅಂಗೈಗೆ ಸುಳ್ಳು ಹೇಳಾಕ ಬರಂಗಿಲ್ಲ.” ಜ್ವರ ಬಂದಾಗಲೂ ಕಂಬಳಿ ಹೊದ್ದು ಕೂತಳು. ಗಂಡ ತೀರಿಕೊಂಡ ದಿನ ಮಣ್ಣು ಮಾಡಿ ಬಂದು, ಸಂಜೆಯ ಹಸಿವಿನ ಹೊತ್ತಿಗೆ ಸರಿಯಾಗಿ ಬಾನಿಯ ಮುಂದೆ ಇದ್ದಳು. ಆಚೆಯವರು ಉಪವಾಸ ಬೀಳಬಾರದಲ್ಲ!

ಒಮ್ಮೆ ದೂರದೂರಿನಿಂದ ತಲೆಯ ಡಾಕ್ಟರೊಬ್ಬರು ಬಂದಿದ್ದರು. ಎರಡು ದಿನ ಕಟ್ಟೆಯ ಮೇಲೆ ಕೂತು ನೋಡಿ ನೋಡಿ, ಕೊನೆಗೆ ತಾವೇ ನಕ್ಕುಬಿಟ್ಟರು. ನಮ್ಮ ತಲೆಯೊಳಗೂ ಹೀಗೆಯೇ ಅಂತೆ. ಒಂದು ನರದ ತುದಿಗೂ ಇನ್ನೊಂದಕ್ಕೂ ನಡುವೆ, ಕೂದಲನ್ನು ಸಾವಿರಾರು ಸಲ ಸೀಳಿದರೆ ಬರುವಷ್ಟು ಸಣ್ಣ ಕಂದರ. ಅಂಚಿನಲ್ಲಿ ರಸ ತುಂಬಿದ ಪುಟ್ಟ ಪುಟ್ಟ ಚೀಲ. ತಟ್ಟು ಬಂದರೆ ತೂಬು ತೆರೆದು ಕ್ಯಾಲ್ಸಿಯಂ, ಎಂದರೆ ನಮ್ಮ ಈ ಸುಣ್ಣದ ಸತ್ವವೇ, ಒಳಗೆ ನುಗ್ಗುತ್ತದೆ. ಆಗ ಚೀಲ ಬಾಯಿಬಿಡುತ್ತದೆ. ನಮ್ಮ ನಗು ಅಳುವೆಲ್ಲ ಅಷ್ಟರಲ್ಲೇ ಅಂತೆ. ನಾನು, “ನಮ್ಮ ಊರನ್ನ ತಗೊಂಡ ಹೋಗಿ ಜನರ ತಲಿಯಾಗ ಯಾರು ತುರುಕಿದ್ರೀ ಸಾಹೇಬರ?” ಎಂದು ಚೇಷ್ಟೆ ಮಾಡಿದೆ. ನೀಲಗಂಗವ್ವ ನಗಲಿಲ್ಲ. “ಅಲ್ಲಿ ಸುಣ್ಣದಾಗ ಕೈ ಇಟ್ಟು ಯಾರು ಕುಂತಿರತಾರ?” ಎಂದು ಕೇಳಿದಳು. ಡಾಕ್ಟರು ಆಕೆಯ ಕೈಯನ್ನು ನೋಡಿ, “ಇದೆಯಮ್ಮ, ಒಂದು ಸಣ್ಣ ಪ್ರೋಟೀನು. ಸುಮ್ಮನೆ ಬಿಡದೆ ಹಿಡಿದಿಟ್ಟು ಕಾಯುತ್ತದೆ. ಸುಣ್ಣ ತಾಗಿತೋ, ಕಣ್ಣು ಮಿಟುಕಿಸುವುದರೊಳಗೆ ಬಿಟ್ಟುಕೊಡುತ್ತದೆ,” ಎಂದರು. “ಹಂಗಾರ ಊರೂರಿಗೂ ನನ್ನ ಅಕ್ಕತಂಗೇರು ಅದಾರ,” ಎಂದಳು. ಆ ದಿನವೆಲ್ಲ ಆಕೆಯ ಮುಖ ಅರಳಿಕೊಂಡೇ ಇತ್ತು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ನನಗಿದ್ದವಳು ಒಬ್ಬಳೇ ಮಗಳು, ಸುನಂದಾ. ತಾಯಿಯಿಲ್ಲದ ಕೂಸು, ನಾನೇ ಜಡೆ ಹಾಕಿ ಬೆಳೆಸಿದವಳು. ಆಚೆ ದಡಕ್ಕೆ ಕೊಟ್ಟೆವು. ಅವಳ ಮನೆಯ ಕಿಂಡಿ ನಮ್ಮ ಕಟ್ಟೆಗೆ ನೇರ ಎದುರು. ಆಚೆ ಪ್ರತಿ ಮನೆಗೂ ಕಂದರದ ಕಡೆ ಒಂದು ಕಿಂಡಿ ಇರುತ್ತದೆ, ಘಮ ಒಳಗೆ ಹೋಗುವುದು ಅದರಿಂದಲೇ. ಮಧ್ಯಾಹ್ನ ಮಂಜು ತೆಳುವಾದಾಗ ಕಿಂಡಿಯಲ್ಲಿ ಅವಳ ಮುಖ ಕಾಣುತ್ತಿತ್ತು, ನಾನು ರುಮಾಲು ಬೀಸುತ್ತಿದ್ದೆ. ಚೊಚ್ಚಲ ಬಸಿರು. ಕೂಸು ಹುಟ್ಟಿತು, ಅಳಲೇ ಇಲ್ಲ, ಹೋಯಿತು. ಓಲೆಕಾರ ಎಂಟು ದಿನ ನಡೆದು ಬಂದು ಸುದ್ದಿ ಹೇಳಿ, ಒಂದು ತಂಬಿಗೆ ನೀರು ಕುಡಿದು ಹೊರಟುಹೋದ. ಅಂದಿನಿಂದ ಅವಳು ಕಿಂಡಿಯಲ್ಲಿ ಕೂತಿರುತ್ತಿದ್ದಳು, ಅಷ್ಟೇ. ಎಚ್ಚರದ ಘಮ ಹೋದರೆ ಏಳುವಳು, ಹಸಿವಿನದು ಹೋದರೆ ಉಣ್ಣುವಳು, ಉಳಿದಂತೆ ಗೊಂಬೆ. ನಾನು ರುಮಾಲು ಬೀಸಿದರೆ ಅವಳ ಕಣ್ಣು ರುಮಾಲನ್ನು ದಾಟಿ ಇನ್ನೆಲ್ಲೋ ನೋಡುತ್ತಿತ್ತು.

ನಾನು ತೂಬುಗಾರ. ನನ್ನ ಕೈಯಲ್ಲೇ ತೂಬಿದೆ. ಒಂದು ಮಧ್ಯಾಹ್ನ, ಗೋಡೆಗೆ ಯಾರೂ ತಟ್ಟದೆ, “ನಗೂ” ಎಂದು ಕೂಗಿ ತೂಬು ಎತ್ತಿಬಿಟ್ಟೆ. ಸುಣ್ಣ ಹರಿಯಿತು. ನೀಲಗಂಗವ್ವನ ಅಂಗೈಗೆ ತಾಗಿತು. ಆಕೆ ಎಳೆದಳು. ಇಪ್ಪತ್ತಾರು ವರ್ಷ ನನ್ನ ಸುಣ್ಣವನ್ನು ನಂಬಿದವಳು ಅವತ್ತು ಮಾತ್ರ ಯಾಕೆ ಅನುಮಾನಪಡಬೇಕು? ಮಂಜು ಸರಿದಾಗ ನೋಡಿದರೆ ನನ್ನ ಸುನಂದಿ ನಗುತ್ತಿದ್ದಳು! ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ನಾನು ಗುಡಿಸಲಿಗೆ ಬಂದು ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ. ಸಂಜೆ ಇನ್ನೊಮ್ಮೆ ಎತ್ತಿದೆ. ಮರುದಿನ ಮೂರು ಸಲ. ಅದರ ಮರುದಿನ ಎಷ್ಟು ಸಲವೋ, ಲೆಕ್ಕ ಇಡಲಿಲ್ಲ. ತುಂಬುವ ಮನೆಯ ಕಲ್ಲವ್ವ ಬಂದು, “ಏನೋ ಗುರುಪಾದಣ್ಣ, ಹಿರೇಮನ್ಯಾಗ ಲಗ್ನಗಿಗ್ನ ನಡದೈತೇನು? ನಗು ತುಂಬಿ ತುಂಬಿ ರಟ್ಟಿ ಬಿದ್ದು ಹೋದುವು,” ಎಂದಳು. “ಇರಬೇಕು ತಾಯಿ, ದೊಡ್ಡವರ ಸುದ್ದಿ ನಮಗ್ಯಾಕ?” ಎಂದು ಮುಖ ತಿರುಗಿಸಿದೆ.

ಐದನೆಯ ದಿನ ಆಚೆಯಿಂದ ಹೊಗೆ ಬಂತು. ಘಮ ಹೆಚ್ಚಾದರೆ ಅವರು ಹಸಿ ಸೊಪ್ಪು ಸುಟ್ಟು ಹೊಗೆ ಎಬ್ಬಿಸುತ್ತಾರೆ. ಆ ಹೊಗೆ ಕಂದರ ದಾಟಿ ಬಂದು ನಮ್ಮ ತೂಬಿನ ಹಲಗೆಗೆ ಅಂಟಿಕೊಳ್ಳುತ್ತದೆ, ಹಲಗೆ ಬಿಗಿಯುತ್ತದೆ. ಸಾಕು, ಸ್ವಲ್ಪ ತಡೀರಪ್ಪ ಎಂದು ಅವರು ಹೇಳುವ ಬಗೆ ಅದು. ತೂಬುಗಾರನಾದವನು ಹಲಗೆ ಬಿಗಿಯಾದರೆ ಕೈಬಿಟ್ಟು ಕೂರಬೇಕು. ನಾನೇನು ಮಾಡಿದೆ? ಹರಳೆಣ್ಣೆ ತಂದು ಸುರಿದೆ, ಹಾರೆ ಹಾಕಿ ಮೀಟಿ ಎತ್ತಿದೆ. ಇಷ್ಟು ದೊಡ್ಡ ಮೂರ್ಖ ನಮ್ಮ ದಡದಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಬೇಡ.

ಅಮಾವಾಸ್ಯೆಯ ಮಧ್ಯಾಹ್ನ ಮಂಜು ತೆಳುವಾಯಿತು. ಆಚೆ ದಡದ ಕಿಂಡಿಗಳೆಲ್ಲ ಅರ್ಧ ಮುಚ್ಚಿದ್ದವು. ನಕ್ಕು ನಕ್ಕು ಸುಸ್ತಾದ ಜನ ಪಕ್ಕೆ ಹಿಡಿದುಕೊಂಡು ಗೋಡೆಗೊರಗಿದ್ದರು. ನನ್ನ ಮಗಳ ಕಿಂಡಿ ಮಾತ್ರ ಪೂರ್ತಿ ಮುಚ್ಚಿತ್ತು. ಒಳಗಿನಿಂದ ಹಸಿ ಮಣ್ಣು ಮೆತ್ತಿದ್ದರು, ಬೆರಳಿನ ಗುರುತು ಕಾಣುತ್ತಿತ್ತು. ಮಣ್ಣು ಮೆತ್ತಿದ ಕಿಂಡಿಗೆ ಆಚೆಯವರು ಮುಂದಿನ ಅಮಾವಾಸ್ಯೆಯವರೆಗೆ ಕಾಯುತ್ತಾರೆ. ಅಷ್ಟರಲ್ಲಿ ತೆರೆಯದಿದ್ದರೆ ಕಲ್ಲಿಟ್ಟು ಗಾರೆ ಹಾಕಿಬಿಡುತ್ತಾರೆ. ಆಮೇಲೆ ಆ ಮನೆಗೆ ಎಚ್ಚರವೂ ಹೋಗುವುದಿಲ್ಲ, ಹಸಿವೂ ಹೋಗುವುದಿಲ್ಲ. ಗಾರೆ ಹಾಕಿದ ಕಿಂಡಿಯ ಹಿಂದಿನವರು ಬದುಕಿ ಉಳಿದದ್ದನ್ನು ಯಾರೂ ಕಂಡಿಲ್ಲ.

ನಾನು ಅಂಚಿನಲ್ಲೇ ಕೂತುಬಿಟ್ಟೆ. ಬೆನ್ನ ಹಿಂದೆ ನೀಲಗಂಗವ್ವ ಬಂದು ನಿಂತಿದ್ದಳು. ಬಲಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

“ನಾಕು ದಿನದಿಂದ ಸುಣ್ಣದಾಗ ಹರಳೆಣ್ಣಿ ಬರಾಕತ್ತೈತಿ. ಯಾಕೋ ತಮ್ಮಾ?”

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆ, ಹಿರೇಮನೆಗೆ ಎಳೆದೊಯ್ಯುತ್ತಾಳೆ ಎಂದುಕೊಂಡಿದ್ದೆ. ಆಕೆ ನನ್ನ ಪಕ್ಕದಲ್ಲಿ ಕೂತು ಆ ಮುಚ್ಚಿದ ಕಿಂಡಿಯ ಕಡೆ ನೋಡಿದಳು.

“ನಗು ಕಳಿಸಿದಿ. ಆತು. ಹುಡುಗಿಗೆ ಅಳು ಯಾರು ಕಳಿಸಿದ್ರು?”

ಯಾರೂ ಕಳಿಸಿರಲಿಲ್ಲ. ನಮ್ಮಲ್ಲಿ ಹೆಸರಿದ್ದವರು ಸತ್ತರೆ ಮಾತ್ರ ನಾಲ್ಕು ತಟ್ಟು. ತೊಟ್ಟಿಲಿಗೆ ಹಾಕದ, ಹೆಸರಿಡದ ಕೂಸಿಗೆ ತಟ್ಟುವ ರೂಢಿ ಇಲ್ಲ. ನನ್ನ ಮಗಳು ಹೆತ್ತ ಕೂಸನ್ನು ಮಣ್ಣಿಗೆ ಕೊಟ್ಟು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹಾಕಲು ಅವಳ ಹತ್ತಿರ ಅಳುವೇ ಇರಲಿಲ್ಲ. ಅದರ ಮೇಲೆ ಅಪ್ಪನಾದವನು ನಗುವನ್ನು ತಂದು ಸುರಿದಿದ್ದೆ.

“ನನ್ನ ತಪ್ಪಿಗೆ ಏನ ಶಿಕ್ಷಾ ಕೊಡತಿ ಕೊಡಬೇ ಅಕ್ಕಾ...” ಎಂದೆ.

“ನಿನ್ನ ತಪ್ಪು ಎಲ್ಲೂ ಓಡಿ ಹೋಗಂಗಿಲ್ಲ, ಆಮ್ಯಾಲೆ ನೋಡೋಣು. ಎದ್ದು ಹಿರೇಮನಿಗೆ ಹೋಗು. ನಾಕು ತಟ್ಟು ಕೇಳು.”

ಹೋದೆ. ಹಿರೇಮನೆಯ ರಾಚಪ್ಪಜ್ಜ ಕೆಟ್ಟವನಲ್ಲ, ರೂಢಿಯ ಮನುಷ್ಯ. “ಹೆಸರಿಲ್ಲದ ಕೂಸಿಗೆ ಇಡೀ ದಡ ಅಳಸಾಕ ಬರತೈತೇನೋ ಗುರುಪಾದ? ಇವತ್ತ ನಿನಗ ತಟ್ಟಿದ್ರ ನಾಳೆ ಎಲ್ಲಾರೂ ಬರತಾರ,” ಎಂದ. ಮರಳಿ ಬಂದು ಹೇಳಿದೆ. ನೀಲಗಂಗವ್ವ ತಲೆಯಾಡಿಸಿ, ಅಳುವಿನ ಸಾಲಿನ ಹತ್ತಿರ ಹೋಗಿ, ಒಂದು ಕುಡಿಕೆಯನ್ನು ಸ್ವಲ್ಪವೇ ತಿರುಗಿಸಿದಳು. ಅದರ ಬಾಯಿ ನೇರ ನನ್ನ ಮಗಳ ಕಿಂಡಿಗೆ ಬಂತು.

ಒಂದು ಮಾತು ಹೇಳಬೇಕು. ಅರೆಗಂಟಿನ ಕುಡಿಕೆ ಯಾವಾಗಲೋ ಒಮ್ಮೆ ತಟ್ಟೂ ಇಲ್ಲದೆ, ಸುಣ್ಣವೂ ಇಲ್ಲದೆ ತಾನಾಗಿಯೇ ಜಾರಿ ತೆರೆದುಕೊಳ್ಳುವುದುಂಟು. ಎಂಥವರ ಕೈಯಲ್ಲೂ ಆಗುತ್ತದೆ. ಆದರೆ ಕುಡಿಕೆ ಜಾರುವುದು ಬಾನಿಯ ಮುಂದೆ ಕೂತವರಿಗೆ ನಾಚಿಕೆಯ ವಿಷಯ. ನೀಲಗಂಗವ್ವನ ಕಾಲದಲ್ಲಿ ಜಾರಿದಷ್ಟು ಕಡಿಮೆ ಯಾರ ಕಾಲದಲ್ಲೂ ಜಾರಿರಲಿಲ್ಲ. ಆಕೆಗೆ ಇದ್ದ ಒಡವೆಯೆಂದರೆ ಅದೊಂದೇ.

ಮರುದಿನ ಬೆಳಿಗ್ಗೆ ಆ ಕುಡಿಕೆ ಜಾರಿತು. ಆಕೆಯೇ ಕಿರುಬೆರಳಿನಿಂದ ದಾರವನ್ನು ಸಡಿಲಿಸಿದ್ದನ್ನು ನಾನು ಕಂಡೆ. ಅದರ ಮರುದಿನವೂ ಜಾರಿತು. ದಿನಕ್ಕೊಂದೇ. ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಒಂದರಿಂದ ಏನಾಗತೈತಿ? ಹತ್ತು ಬಿಡು, ಸಾಲಿಗೆ ಸಾಲು ಬಿಡು!”

“ನೀ ಸಾಲಿಗೆ ಸಾಲು ಬಿಟ್ಟದ್ದು ಸಾಲದೇನು? ಮುಚ್ಚಿದ ಕಿಂಡಿಗೂ ಕೂದಲೆಳಿಯಷ್ಟು ಸಂದು ಇರತೈತೋ ಹುಚ್ಚಪ್ಪ. ಹೊಳಿ ಹರದಂಗ ಬಂದ್ರ ಆ ಸಂದಿಗೂ ಮಣ್ಣು ಮೆತ್ತತಾರ. ಒಂದ ಕುಡಿಕಿ ಬಂದ್ರ ಯಾರಿಗೂ ಅಂಜಿಕಿ ಆಗಂಗಿಲ್ಲ. ನಾವು ಇನ್ನೂ ಇಲ್ಲೆ ಅದೀವಿ ಅಂತ ಆ ಕಿಂಡಿಗೆ ಗೊತ್ತಿದ್ರ ಸಾಕು, ಈಗ.”

ನಾನು ತೂಬಿನ ಹಲಗೆಯನ್ನು ಬಿಸಿನೀರು ಹಾಕಿ ತಿಕ್ಕಿ ಎಣ್ಣೆ ತೆಗೆದೆ. ಗೋಡೆಗೆ ತಟ್ಟಿದಷ್ಟೇ ಎತ್ತಿದೆ, ಬಿಗಿಯಾದಾಗ ಕೈಕಟ್ಟಿ ಕೂತೆ. ಉಳಿದ ಕಿಂಡಿಗಳು ಒಂದೊಂದೇ ತೆರೆದುಕೊಂಡವು. ನನ್ನ ಮಗಳದು ತೆರೆಯಲಿಲ್ಲ. ಕುಡಿಕೆ ಮಾತ್ರ ದಿನವೂ ಜಾರುತ್ತಲೇ ಇತ್ತು.

ಇಪ್ಪತ್ತೈದು ದಿನ ಒಂದೇ ಸಮನೆ ಅಳುವಿನ ಕುಡಿಕೆಯೊಂದು ಬರಿದಾಗಿ ತೊಳೆಯಲು ಬಂದರೆ ಕಲ್ಲವ್ವನಂಥವಳು ಸುಮ್ಮನಿರುತ್ತಾಳೆಯೇ? ಸುದ್ದಿ ಹಿರೇಮನೆಗೆ ಹೋಯಿತು. ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ರಾಚಪ್ಪಜ್ಜ ಓಣಿಯ ಜನರನ್ನೆಲ್ಲ ಕರೆದುಕೊಂಡು ಕಟ್ಟೆಗೆ ಬಂದ.

“ನೀಲಗಂಗವ್ವ, ಎರಡ ಮಾತು,” ಎಂದ. “ನಿನ್ನ ಕೈ ಸರಿ ಇದ್ರ, ಇದು ಬೇಕಂತ ಬಿಟ್ಟಿದ್ದು. ಹಂಗಿದ್ರ ಅಳುವಿನ ಸಾಲಿಗೆ ಈಗಿಂದೀಗ ಪೂರ್ತಿ ಗಂಟು ಹಾಕಸತೀನಿ. ಕೈ ಕೆಟ್ಟಿದ್ರ ಅದು ವಯಸ್ಸಿನ ಕೆಲಸ, ಯಾರ ತಪ್ಪೂ ಅಲ್ಲ. ಅಮಾಸಿ ಆಗಲಿ, ಬ್ಯಾರೆಯವರನ್ನ ಕುಂದರಸೋಣು. ಅಲ್ಲೀತನಕ ಜಾರಿದ್ದು ಜಾರಲಿ.”

ಮೂರು ಬಟ್ಟಲು ತಂದಿಟ್ಟರು. ಮೂರರಲ್ಲೂ ನೀರು, ಒಂದರಲ್ಲಿ ಮಾತ್ರ ಒಂದು ಹನಿ ಸುಣ್ಣದ ತಿಳಿ. ಹನಿ ಹಾಕು ಎಂದು ನನಗೇ ಹೇಳಿದರು. ನಾನು ನಡುವಿನ ಬಟ್ಟಲಿಗೆ ಹಾಕಿದೆ. ಒಂದೇ ಒಂದು ಹನಿ, ಕಣ್ಣಿಗೆ ಏನೂ ತಿಳಿಯದು. ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರು. ಊರೆಲ್ಲ ಸುತ್ತ ನೆರೆದಿತ್ತು. ಆ ಕೈ ಸೋಲುತ್ತದೆಂದು ಅಲ್ಲಿ ಯಾರೂ ನಂಬಿರಲಿಲ್ಲ, ರಾಚಪ್ಪಜ್ಜನೂ ನಂಬಿರಲಿಲ್ಲ.

ಮೊದಲ ಬಟ್ಟಲಲ್ಲಿ ಕೈ ಇಟ್ಟಳು, ತೆಗೆದಳು. ನಡುವಿನ ಬಟ್ಟಲಲ್ಲಿ ಇಟ್ಟಳು. ಆಕೆಯ ನಡುಬೆರಳು ಒಮ್ಮೆ ಅದುರಿತು. ಸುಣ್ಣ ತಾಗಿದಾಗ, ಹಗ್ಗ ಎಳೆಯುವ ಮುನ್ನ, ಆ ಬೆರಳು ಹಾಗೆ ಅದುರುವುದನ್ನು ಇಪ್ಪತ್ತಾರು ವರ್ಷ ನೋಡಿದವನು ನಾನೊಬ್ಬನೇ. ಆಕೆಗೆ ಗೊತ್ತಾಯಿತು. ನೀರಿನೊಳಗೆ ಹನಿ ಎಲ್ಲಿ ಕರಗಿದೆ ಎಂಬುದೂ ಗೊತ್ತಾಗಿರಬೇಕು. ಕೈ ತೆಗೆದಳು. ಮೂರನೆಯ ಬಟ್ಟಲಲ್ಲಿ ಇಟ್ಟಳು. ಬಹಳ ಹೊತ್ತು ಇಟ್ಟುಕೊಂಡಿದ್ದಳು. ಆಮೇಲೆ ಮುದುಕಿಯ ದನಿಯಲ್ಲಿ, ನಾನು ಅದುವರೆಗೆ ಕೇಳದ ದನಿಯಲ್ಲಿ, “ಇದರಾಗ ಐತಿ ನೋಡ್ರಿ, ಸುಣ್ಣ,” ಎಂದಳು.

ಹೆಂಗಸರು ಅಯ್ಯೋ ಎಂದರು. ಯಾರೋ ಒಬ್ಬ ಕಿಸಕ್ಕೆಂದ. ರಾಚಪ್ಪಜ್ಜ ಹತ್ತಿರ ಬಂದು ತಾನೇ ಕಣ್ಣಿನ ಬಟ್ಟೆ ಬಿಚ್ಚಿ, “ಇರಲಿ ಬಿಡು ನೀಲವ್ವ, ಎಲ್ಲಾರಿಗೂ ಬರೂದ ಇದು,” ಎಂದ. ಅವನ ಕಣ್ಣೂ ತುಂಬಿತ್ತು. ನಾನು ನಿಜ ಹೇಳಲು ಬಾಯಿ ತೆರೆದೆ. ಆಕೆ ನನ್ನತ್ತ ಒಮ್ಮೆ ನೋಡಿದಳು, ಅಷ್ಟೇ. ಬಾಯಿ ಮುಚ್ಚಿಕೊಂಡೆ. ನಾಲ್ಕು ದಿನ ಬೇಕಾಗಿತ್ತಲ್ಲ!

ಆ ನಾಲ್ಕು ದಿನ ಹಾದುಹೋದವರೆಲ್ಲ ಆಕೆಗೆ ಕನಿಕರ ತೋರಿಸಿದರು. ಒಬ್ಬಳಂತೂ ಕೈಗೆ ಹಚ್ಚಿಕೋ ಎಂದು ಬೆಣ್ಣೆ ಕೊಟ್ಟಳು. ನೀಲಗಂಗವ್ವ ಬೆಣ್ಣೆಯನ್ನು ರೊಟ್ಟಿಗೆ ಸವರಿ ತಿಂದಳು. ದಿನವೂ ಬೆಳಿಗ್ಗೆ ಕಿರುಬೆರಳು ದಾರವನ್ನು ಮುಟ್ಟಿತು.

ಅಮಾವಾಸ್ಯೆಯ ದಿನ ಮಂಜು ಬೇಗ ತೆಳುವಾಯಿತು. ಆಚೆ ಸುನಂದಿಯ ಮನೆಯ ಹೊರಗೋಡೆಯ ಹತ್ತಿರ ಗಾರೆ ಕಲಸುತ್ತಿದ್ದರು. ಕಲ್ಲೂ ಬಂದಿತ್ತು. ನಾನು ನೋಡಲಾರದೆ ಮುಖ ಮುಚ್ಚಿಕೊಂಡೆ. “ಕಣ್ಣ ತಗಿ,” ಎಂದಳು ನೀಲಗಂಗವ್ವ. ತೆಗೆದೆ. ಕಿಂಡಿಯ ಮಣ್ಣಿನ ಮೇಲೆ ಒಂದು ಕಪ್ಪು ಗೆರೆ ಮೂಡಿತ್ತು. ಗೆರೆ ಅಗಲವಾಯಿತು. ಒಳಗಿನಿಂದ ಒಂದು ಹೆಂಟೆ ಕಳಚಿ ಕಂದರಕ್ಕೆ ಬಿತ್ತು, ಹಿಂದೆಯೇ ಇನ್ನೊಂದು. ಆಮೇಲೆ ಎರಡು ಕೈ, ಉಗುರಿನಲ್ಲಿ ಮಣ್ಣು ಕೆರೆಯುತ್ತಿದ್ದವು. ಆಮೇಲೆ ನನ್ನ ಮಗಳ ಮುಖ. ಬಾಯಿ ಅಷ್ಟಗಲ ತೆರೆದು ಅಳುತ್ತಿದ್ದಳು. ದನಿ ನಮಗೆ ಕೇಳಿಸಲಿಲ್ಲ, ಕೇಳಿಸುವುದೂ ಇಲ್ಲ. ಗಾರೆ ಕಲಸುತ್ತಿದ್ದವರು ಸಲಿಕೆ ಬಿಟ್ಟು ನಿಂತರು. ಅವಳು ಸೆರಗು ಬಾಯಿಗೆ ಒತ್ತಿ, ಎದೆ ಹಿಡಿದು, ತನ್ನ ಕೂಸಿಗಾಗಿ ಅತ್ತಳು. ಅತ್ತು ಅತ್ತು ಕೊನೆಗೆ ತಲೆ ಎತ್ತಿ, ಇಷ್ಟು ದಿನದಲ್ಲಿ ಮೊದಲ ಸಲ, ನನ್ನನ್ನು ನೋಡಿದಳು. ನಾನು ರುಮಾಲು ತರುವುದನ್ನೇ ಮರೆತಿದ್ದೆ. ಬರಿಗೈ ಎತ್ತಿದೆ. ಅವಳೂ ಎತ್ತಿದಳು.

ನೀಲಗಂಗವ್ವ ಬಾನಿಯಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡಳು. “ಇನ್ನ ಉಣ್ಣತಾಳ, ಮಲಗತಾಳ. ನಗೂದೂ ಬರತೈತಿ, ಅವಸರ ಮಾಡಬ್ಯಾಡ,” ಎಂದು ಎದ್ದು ಮನೆಗೆ ಹೋದಳು. ಮತ್ತೆ ಆ ಕಟ್ಟೆ ಹತ್ತಲಿಲ್ಲ. ಮೂರು ವರ್ಷ ಬದುಕಿದ್ದಳು. ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು, ತಾನಿರುವವರೆಗೆ ನಾನು ಬಾಯಿ ಬಿಡಬಾರದೆಂದು. ಅಷ್ಟೂ ದಿನ ಊರಿನ ಮಕ್ಕಳು ಆಕೆಯನ್ನು ಕಂಡರೆ ನೀರಿನ ತಂಬಿಗೆ ಮುಂದೆ ಹಿಡಿದು, “ಅಜ್ಜಿ, ಇದರಾಗ ಸುಣ್ಣ ಐತೇನು?” ಎಂದು ಕಾಡಿಸುತ್ತಿದ್ದವು. ಆಕೆ ಬೆರಳು ಅದ್ದಿ, “ಯಾರಿಗೊತ್ತವಾ,” ಎನ್ನುತ್ತಿದ್ದಳು.

ಆಕೆಯನ್ನು ಮಣ್ಣು ಮಾಡಿದ ದಿನವೇ ನಾನು ಹಿರೇಮನೆಯ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ನನ್ನ ಎಣ್ಣೆ, ನನ್ನ ಹಾರೆ, ಆಕೆಯ ಕಿರುಬೆರಳು, ನಡುವಿನ ಬಟ್ಟಲು, ಒಂದೂ ಬಿಡದೆ ಹೇಳಿದೆ. ರಾಚಪ್ಪಜ್ಜ ನನ್ನ ಹೆಗಲ ಮೇಲೆ ಕೈ ಇಟ್ಟು, “ಸತ್ತವರನ್ನ ದೊಡ್ಡವರನ್ನ ಮಾಡೂದು ಒಳ್ಳೇದಪಾ ಗುರುಪಾದ. ಆದ್ರ ನಾವೆಲ್ಲಾ ಕಣ್ಣಾರೆ ನೋಡೀವಲ್ಲ, ಆಕಿಗೆ ನೀರು ಯಾವುದು, ಸುಣ್ಣ ಯಾವುದು ತಿಳೀಲಿಲ್ಲ,” ಎಂದ. ಎಲ್ಲರೂ ಹೌದು ಹೌದು ಎಂದರು.

ನಮ್ಮೂರಿನಲ್ಲಿ ಯಾರೂ ನಂಬಲಿಲ್ಲ. ಅದಕ್ಕೇ ದಾರಿಯಲ್ಲಿ ಸಿಕ್ಕ ನಿಮ್ಮಂಥವರನ್ನು ಹಿಡಿದು ಕೂರಿಸಿ ಹೇಳುತ್ತೇನೆ. ಆಕೆಯ ಕೈ ಕೆಟ್ಟಿರಲಿಲ್ಲ.